ಕದ್ದಿಲ್ಲ ಅಂತ ಆಣೆ ಇಟ್ಟವರ ಊರು

ಪನೇಬ್ ಅಂತ ಒಬ್ಬ ಮೇಸ್ತ್ರಿ ಇದ್ದ. ಸುಮಾರು 3200 ವರ್ಷದ ಹಿಂದೆ, ಈಜಿಪ್ಟಿನ ರಾಜರಿಗೆ ಬಂಡೆ ಕೊರೆದು ಸಮಾಧಿ ಮಾಡಿಕೊಡೋ ಗ್ಯಾಂಗಿನ ಮೇಸ್ತ್ರಿ. ಇವನ ಮೇಲೆ ಬರೆದಿರೋ ಒಂದು ಉದ್ದನೆ ದೂರು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸಾಲ್ಟ್ 124 ಅಂತ ಅದರ ಹೆಸರು. ಓದ್ತಾ ಹೋದ್ರೆ ಈ ಮನುಷ್ಯ ಮಾಡದೆ ಬಿಟ್ಟಿದ್ದು ಏನಾದ್ರೂ ಇದೆಯಾ ಅನ್ಸತ್ತೆ. ಎರಡನೇ ಸೇಟಿ ಅನ್ನೋ ರಾಜನ ಸಮಾಧಿಯಿಂದ ಸಾಮಾನು ಎತ್ತಿದ, ಕೂಲಿಯವರನ್ನ ಸ್ವಂತ ಕೆಲಸಕ್ಕೆ ದುಡಿಸ್ಕೊಂಡ, ಬೇರೆಯವರ ಹೆಂಡ್ತಿಯರ ಸಹವಾಸ ಮಾಡಿದ, ತನ್ನನ್ನ ಸಾಕಿ ಬೆಳೆಸಿದ ಹಿರಿ ಮೇಸ್ತ್ರಿಯನ್ನೇ ಕೊಂದುಬಿಡ್ತೀನಿ ಅಂತ ಹೆದರಿಸ್ದ, ಮೇಸ್ತ್ರಿ ಪಟ್ಟ ಗಿಟ್ಟಿಸೋಕೆ ಐದು ಆಳುಗಳನ್ನ ವಜೀರನಿಗೆ ಲಂಚ ಕೊಟ್ಟ. ಇದರ ಮಧ್ಯೆ ಒಂದು ಹೆಬ್ಬಾತಿನ ವಿಷಯ ಬರತ್ತೆ. ಹೆನುತ್‌ಮಿರೆ ಅನ್ನೋ ರಾಜಮನೆತನದ ಹೆಣ್ಣುಮಗಳ ಸಮಾಧಿಯಿಂದ ಒಂದು ಹೆಬ್ಬಾತನ್ನ ಎತ್ಕೊಂಡು ಹೋದ, ಕೇಳಿದಾಗ ರಾಜನ ಮೇಲೆ ಆಣೆ ಇಟ್ಟು ನನ್ನ ಹತ್ರ ಇಲ್ಲ ಅಂದ, ಆಮೇಲೆ ಹೋಗಿ ನೋಡಿದ್ರೆ ಅವನ ಮನೇಲೇ ಸಿಕ್ತು.

ನಾನು ಈಜಿಪ್ಟ್ ಹುಚ್ಚಿಗೆ ಬಿದ್ದಿದ್ದೇ ಈ ಹೆಬ್ಬಾತಿನಿಂದ ಅಂದ್ರೂ ತಪ್ಪಿಲ್ಲ. ಪಿರಮಿಡ್ಡು, ಮಮ್ಮಿ, ಶಾಪ ಇವೆಲ್ಲ ಚಿಕ್ಕಂದಿನಿಂದ ಕೇಳ್ಕೊಂಡು ಬಂದಿದ್ದೇ, ಅದರಲ್ಲಿ ಮನುಷ್ಯರು ಯಾವತ್ತೂ ಕಾಣಿಸ್ತಿರ್ಲಿಲ್ಲ. ಇಲ್ಲಿ ಕಂಡ್ರು. ಹಾಗಂತ ದೂರನ್ನ ಪೂರ್ತಿ ನಂಬೋ ಹಾಗೂ ಇಲ್ಲ, ಬರೆದವನ ಹೆಸರು ಅಮೆನ್‌ನಖ್ತ್, ಅವನ ಅಣ್ಣ ಮೇಸ್ತ್ರಿ ಆಗಿದ್ದ, ಅಣ್ಣ ಸತ್ತ ಮೇಲೆ ಆ ಜಾಗ ತನಗೆ ಬರ್ಬೇಕಿತ್ತು, ಪನೇಬ್ ಹೊಡ್ಕೊಂಡ ಅನ್ನೋ ಹೊಟ್ಟೆಯುರಿ ಪ್ರತಿ ಸಾಲಲ್ಲೂ ಇದೆ. ಪನೇಬ್ ಏನು ಹೇಳ್ತಿದ್ದನೋ ನಮಗೆ ಸಿಕ್ಕಿಲ್ಲ. ಆದ್ರೆ ಊರ ಪಕ್ಕದ ಗುಡ್ಡದಲ್ಲಿ ಅವನದೂ ಒಂದು ಸಮಾಧಿ ಇದೆ. ಸತ್ತ ಮೇಲೆ ದೇವರ ಮುಂದೆ ನಿಲ್ಲೋಕೆ ಅವನೂ ತಯಾರಿ ಮಾಡ್ಕೊಂಡೇ ಇದ್ದ.

ದೇವರ ಮುಂದೆ ನಿಂತು ಏನು ಹೇಳ್ಬೇಕು ಅನ್ನೋದಕ್ಕೆ ಸ್ಕ್ರಿಪ್ಟ್ ರೆಡಿ ಇತ್ತು, ಇದು ನಿಮಗೂ ಗೊತ್ತಿರತ್ತೆ. ಸತ್ತವರ ಪುಸ್ತಕ ಅಂತ ಕರೀತಾರಲ್ಲ, ಪಪೈರಸ್ ಸುರುಳಿ ಮೇಲೆ ಮಂತ್ರಗಳನ್ನ ಬರೆದು ಹೆಣದ ಜೊತೆ ಇಡ್ತಿದ್ರು. ಅದರ 125ನೇ ಮಂತ್ರ ಎಲ್ಲಕ್ಕಿಂತ ಫೇಮಸ್. ಸತ್ತವನು ಒಸೈರಿಸ್ ದೇವರ ಸಭೆಗೆ ಹೋಗ್ತಾನೆ, ಅಲ್ಲಿ 42 ಜನ ದೇವತೆಗಳು ಕೂತಿರ್ತಾರೆ, ಒಬ್ಬೊಬ್ಬರ ಹೆಸರು ಹಿಡಿದು ಕರೆದು ಒಂದೊಂದು ಪಾಪ ಮಾಡಿಲ್ಲ ಅನ್ಬೇಕು. ಕದ್ದಿಲ್ಲ. ಸುಳ್ಳು ಹೇಳಿಲ್ಲ. ಕೊಂದಿಲ್ಲ. ತಕ್ಕಡಿಯಲ್ಲಿ ಮೋಸ ಮಾಡಿಲ್ಲ. ಮಕ್ಕಳ ಬಾಯಿಂದ ಹಾಲು ಕಿತ್ಕೊಂಡಿಲ್ಲ. ಹರಿಯೋ ನೀರಿಗೆ ಅಡ್ಡಗಟ್ಟೆ ಕಟ್ಟಿಲ್ಲ. ಕದ್ದು ಕೇಳಿಸ್ಕೊಂಡಿಲ್ಲ. ಈ ಪಟ್ಟಿ ಓದಿದಾಗ ನನಗೆ ಮೊದಲು ಹೊಳೆದಿದ್ದು, ಇವೆಲ್ಲ ಆ ಊರಲ್ಲಿ ದಿನಾ ನಡೀತಿದ್ದ ತಂಟೆಗಳೇ ಅಲ್ವಾ ಅಂತ. ಯಾರೂ ಮಾಡದ ಪಾಪವನ್ನ ಮಾಡಿಲ್ಲ ಅಂತ ಯಾರು ಯಾಕೆ ಬರೆಸ್ಕೊಳ್ತಾರೆ? ನೀರು ಅಡ್ಡಗಟ್ಟೋದು ಅಂದ್ರೆ ಏನು ಅಂತ ಗದ್ದೆ ಇರೋ ಮನೇಲಿ ಹುಟ್ಟಿದವರಿಗೆ ವಿವರಿಸ್ಬೇಕಾಗಿಲ್ಲ.

ಆಮೇಲೆ ತೂಕ. ನಮ್ಮ ಮನೆ ಹಾಲ್‌ನಲ್ಲೂ ಈ ಚಿತ್ರ ಇದೆ, ಕೈರೋಗೆ ಟೂರ್ ಹೋಗಿದ್ದ ಸಂಬಂಧಿಕರು ತಂದುಕೊಟ್ಟಿದ್ದು, ನಿಜವಾದ ಪಪೈರಸ್ಸಾ ಅಥವಾ ಅಲ್ಲಿ ಟೂರಿಸ್ಟರಿಗೆ ಮಾರೋ ಬಾಳೆ ನಾರಿನ ಡೂಪ್ಲಿಕೇಟಾ ಅಂತ ಕೇಳೋಕೆ ಸಂಕೋಚ. ನರಿತಲೆಯ ಅನುಬಿಸ್ ತಕ್ಕಡಿ ಸರಿ ಮಾಡ್ತಿರ್ತಾನೆ, ಒಂದು ತಟ್ಟೇಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಮಾತ್ ದೇವಿಯ ಒಂದು ಗರಿ, ಅಂದ್ರೆ ನ್ಯಾಯ, ಸತ್ಯ, ಜಗತ್ತು ಸರಿಯಾಗಿ ನಡೆಯೋ ಕ್ರಮ, ಎಲ್ಲ ಸೇರಿ. ಐಬಿಸ್ ಹಕ್ಕಿ ತಲೆಯ ಥಾಥ್ ರಿಸಲ್ಟ್ ಬರ್ಕೊಳ್ತಾನೆ. ಪಕ್ಕದಲ್ಲಿ ಅಮ್ಮಿತ್ ಅನ್ನೋ ಪ್ರಾಣಿ ಕಾಯ್ತಿರತ್ತೆ, ಮೊಸಳೆ ತಲೆ, ಮುಂಭಾಗ ಸಿಂಹ, ಹಿಂಭಾಗ ನೀರುಕುದುರೆ. ಹೃದಯ ತೂಕದಲ್ಲಿ ಫೇಲಾದ್ರೆ ಅದು ತಿಂದುಹಾಕತ್ತೆ, ಅಲ್ಲಿಗೆ ಆ ಮನುಷ್ಯನ ಕಥೆ ಮುಗೀತು, ನರಕ ಅಂತ ಕೂಡ ಇಲ್ಲ, ಅವನೇ ಇಲ್ಲ.

ನಮ್ಮ ಯಮನ ಆಫೀಸಲ್ಲಿ ಚಿತ್ರಗುಪ್ತ ಅಂತ ಒಬ್ಬ ಇರ್ತಾನೆ, ನಾವು ಮಾಡಿದ್ದನ್ನ ಎಲ್ಲಾ ಲೆಡ್ಜರಲ್ಲಿ ಬರ್ಕೊಂಡಿರ್ತಾನೆ, ಅವನ ಹತ್ರ ವಾದ ಮಾಡೋಕಾಗಲ್ಲ. ಈಜಿಪ್ಟಿನವರದ್ದು ಇನ್ನೂ ಕಷ್ಟ, ಸಾಕ್ಷಿ ಹೇಳೋದು ಸತ್ತವನ ಹೃದಯವೇ. ಮಮ್ಮಿ ಮಾಡುವಾಗ ಮಿದುಳನ್ನ ತೆಗೆದು ಬಿಸಾಡ್ತಿದ್ರು, ಹೃದಯವನ್ನ ಮಾತ್ರ ಒಳಗೇ ಬಿಡ್ತಿದ್ರು, ಯೋಚನೆ, ನೆನಪು, ಬುದ್ಧಿ ಎಲ್ಲ ಅಲ್ಲೇ ಇರೋದು ಅಂತ ಅವರ ನಂಬಿಕೆ. ಹಾಗಾದ್ರೆ ಬಾಯಿ ಕದ್ದಿಲ್ಲ ಅನ್ನುವಾಗ ಹೃದಯ ಹೌದು ಕದ್ದಿದಾನೆ ಅಂದುಬಿಟ್ರೆ? ಅದಕ್ಕೂ ಒಂದು ಮಂತ್ರ ಇತ್ತು, 30ಬಿ ಅಂತ. ನನ್ನ ತಾಯಿ ಕೊಟ್ಟ ಹೃದಯವೇ, ನನ್ನ ವಿರುದ್ಧ ಸಾಕ್ಷಿಯಾಗಿ ನಿಲ್ಲಬೇಡ, ಸಭೆಯಲ್ಲಿ ನನಗೆ ಎದುರಾಡಬೇಡ, ತಕ್ಕಡಿ ಹಿಡಿದವನ ಮುಂದೆ ನನ್ನ ಮಾನ ಕಳೀಬೇಡ ಅಂತ ಬೇಡ್ಕೊಳ್ಳೋದು. ಇದನ್ನ ಕಲ್ಲಿನ ಜೀರುಂಡೆ ಮೇಲೆ ಕೆತ್ತಿಸಿ ಹೆಣದ ಎದೆ ಮೇಲೂ ಇಡ್ತಿದ್ರು. ನನ್ನ ಪ್ರಕಾರ ಅವರ ಧರ್ಮದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಸಾಲು ಇನ್ನೊಂದಿಲ್ಲ. ತಾವು ಪರಿಶುದ್ಧರಲ್ಲ ಅಂತ ಅವರಿಗೆ ಗೊತ್ತಿತ್ತು, ಗೊತ್ತಿದ್ದಿದ್ದಕ್ಕೇ ಸ್ವಂತ ಹೃದಯದ ಬಾಯಿ ಮುಚ್ಚಿಸೋಕೆ ಮಂತ್ರ ಬೇಕಾಯ್ತು.

ಇದನ್ನ ಕೆಲವರು ಬೂಟಾಟಿಕೆ ಅಂತಾರೆ. ಈ ಪುಸ್ತಕಗಳು ಮಾರಾಟಕ್ಕೆ ರೆಡಿಮೇಡ್ ಆಗಿಯೂ ಸಿಕ್ತಿದ್ವು ಅನ್ನೋದನ್ನ ಅದಕ್ಕೆ ಸಾಕ್ಷಿ ಕೊಡ್ತಾರೆ. ಆನಿ ಅನ್ನೋ ಲಿಪಿಕಾರನ ಸುರುಳಿ ಇವುಗಳಲ್ಲೇ ಅತಿ ಚೆಂದದ್ದು, ಸುಮಾರು ಕ್ರಿ.ಪೂ. 1250ರದ್ದು, 24 ಮೀಟರ್‌ನಷ್ಟು ಉದ್ದ. 1888ರಲ್ಲಿ ವಾಲಿಸ್ ಬಡ್ಜ್ ಬ್ರಿಟಿಷ್ ಮ್ಯೂಸಿಯಂಗೆ ಅಂತ ಕೊಂಡು ತಂದು ಆಮೇಲೆ 37 ತುಂಡು ಮಾಡಿಸ್ದ, ಆ ಪುಣ್ಯಾತ್ಮನ ಹೃದಯ ಎಷ್ಟು ತೂಗಿತ್ತೋ. ಅಷ್ಟು ದುಬಾರಿ ಸುರುಳಿಯಲ್ಲೂ ಕೆಲವು ಕಡೆ ಮಂತ್ರ ಮೊದಲೇ ಬರೆದಿಟ್ಟು, ಹೆಸರಿಗೆ ಅಂತ ಬಿಟ್ಟಿದ್ದ ಖಾಲಿ ಜಾಗದಲ್ಲಿ ಆಮೇಲೆ ಆನಿ ಅಂತ ತುಂಬಿಸಿದ್ದು ಕಾಣತ್ತೆ. ಹೆಸರು ತುಂಬಿಸದೇ ಖಾಲಿ ಉಳಿದಿರೋ ಸುರುಳಿಗಳೂ ಸಿಕ್ಕಿವೆ. ಹೌದು, ಬಿಸಿನೆಸ್ಸೇ. ಆದ್ರೆ ರೆಡಿಮೇಡ್ ಕೊಂಡ ಮಾತ್ರಕ್ಕೆ ಭಯ ಸುಳ್ಳಾಗಲ್ಲ.

ಪಪೈರಸ್ ಅಂದ್ರೆ ಜೌಗು ನೆಲದಲ್ಲಿ ಬೆಳೆಯೋ ಒಂದು ಜಾತಿ ಜೊಂಡು, ಅಷ್ಟೇ. ಸಿಪ್ಪೆ ತೆಗೆದು ಒಳಗಿನ ತಿರುಳನ್ನ ತೆಳ್ಳಗೆ ಪಟ್ಟಿ ಪಟ್ಟಿಯಾಗಿ ಸೀಳಿ, ಒಂದು ಪದರ ಉದ್ದಕ್ಕೆ ಇನ್ನೊಂದು ಪದರ ಅಡ್ಡಕ್ಕೆ ಜೋಡಿಸಿ, ಕುಟ್ಟಿ ಒತ್ತಿ ಒಣಗಿಸಿದ್ರೆ ಅದರ ರಸಕ್ಕೇ ಅಂಟ್ಕೊಂಡು ಹಾಳೆ ಆಗತ್ತೆ, ಹಾಳೆಗೆ ಹಾಳೆ ಅಂಟಿಸಿದ್ರೆ ಸುರುಳಿ. ತೇವ ತಾಗಿದ್ರೆ ಮಾತ್ರ ಗತಿ ಇಲ್ಲ. ನೈಲ್ ನದಿ ಸಮುದ್ರ ಸೇರೋ ಕಡೆಯ ದೊಡ್ಡ ದೊಡ್ಡ ಪಟ್ಟಣಗಳ ಕಾಗದಪತ್ರ ಬಹುಪಾಲು ಕೊಳೆತುಹೋಯ್ತು, ಉಳಿದಿದ್ದು ಮರಳುಗಾಡಿನ ಅಂಚಿನ ಸಮಾಧಿಗಳಲ್ಲಿ, ತಿಪ್ಪೆಗಳಲ್ಲಿ. ಈಜಿಪ್ಟಿನವರು ಮೂರು ಹೊತ್ತೂ ಸಾವಿನದ್ದೇ ಧ್ಯಾನ ಮಾಡ್ತಿದ್ರು ಅಂತ ನಮಗೆ ಅನ್ಸೋದಕ್ಕೆ ಅರ್ಧ ಕಾರಣ ಇದೇ, ಸ್ಮಶಾನ ಒಣನೆಲದಲ್ಲಿತ್ತು, ಅಡುಗೆಮನೆ ಒದ್ದೆ ನೆಲದಲ್ಲಿತ್ತು. 1900ರಲ್ಲಿ ತೆಬ್‌ತುನಿಸ್ ಅನ್ನೋ ಕಡೆ ಅಗೆಯುವಾಗ ಬರೀ ಮೊಸಳೆ ಮಮ್ಮಿಗಳೇ ಸಿಕ್ತಾ ಇರೋದು ನೋಡಿ ಒಬ್ಬ ಕೂಲಿಯವನಿಗೆ ರೇಗಿ ಒಂದನ್ನ ಒಡೆದುಹಾಕಿದ್ನಂತೆ, ನೋಡಿದ್ರೆ ಮೊಸಳೆ ಒಳಗೆ ತುರುಕಿದ್ದು, ಮೈಗೆ ಸುತ್ತಿದ್ದು ಎಲ್ಲಾ ಹಳೇ ಪಪೈರಸ್ ರದ್ದಿ. ಇಲ್ಲಿವರೆಗೆ ಸಿಕ್ಕಿರೋ ಬರಹ ಇರೋ ಪಪೈರಸ್‌ಗಳಲ್ಲಿ ಎಲ್ಲಕ್ಕಿಂತ ಹಳೇದು ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ, 2013ರಲ್ಲಿ ಪಿಯರ್ ತಾಲೆ ಅವರ ತಂಡಕ್ಕೆ ಸಿಕ್ಕಿದ್ದು. ಗೀಜಾದ ಮಹಾ ಪಿರಮಿಡ್ ಕಟ್ಟೋವಾಗ ತೂರಾ ಗಣಿಯಿಂದ ದೋಣಿಯಲ್ಲಿ ಸುಣ್ಣದಕಲ್ಲು ಸಾಗಿಸ್ತಿದ್ದ ಮೆರೆರ್ ಅನ್ನೋ ಇನ್‌ಸ್ಪೆಕ್ಟರ್‌ನ ಲಾಗ್‌ಬುಕ್. ಇವತ್ತು ಲೋಡ್ ಮಾಡಿದ್ವಿ, ಇವತ್ತು ಹೊರಟ್ವಿ, ರಾತ್ರಿ ಇಂಥಾ ಕಡೆ ಉಳ್ಕೊಂಡ್ವಿ. ಜಗತ್ತಿನ ಅದ್ಭುತದ ಬಗ್ಗೆ ಒಂದು ಉದ್ಗಾರವೂ ಇಲ್ಲ, ಪಾಪ ಅವನಿಗೆ ಅದು ಡ್ಯೂಟಿ.

ಪನೇಬನ ಊರಿಗೆ ಬರೋಣ. ಲಕ್ಸರ್ ಎದುರಿನ ನೈಲ್ ನದಿಯ ಪಶ್ಚಿಮ ದಡ, ಈಗ ಡೇರ್ ಎಲ್-ಮದೀನಾ ಅಂತಾರೆ. ಗೋಡೆ ಒಳಗೆ ಸುಮಾರು ಎಪ್ಪತ್ತು ಮನೆ, ಎಲ್ಲರೂ ರಾಜರ ಕಣಿವೆಯ ಸಮಾಧಿ ಕೆಲಸದವರು, ಕಲ್ಲು ಕಡಿಯೋರು, ಚಿತ್ರ ಬರೆಯೋರು, ಲಿಪಿಕಾರರು. ಊರಲ್ಲಿ ನೀರಿಲ್ಲ, ಕತ್ತೆ ಮೇಲೆ ಹೊತ್ತು ತರ್ಬೇಕು. ಹೊಲ ಇಲ್ಲ, ಸಂಬಳ ಅಂದ್ರೆ ಸರ್ಕಾರ ಕೊಡೋ ಧಾನ್ಯ, ಒಬ್ಬ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಮೂಟೆ ಗೋಧಿ, ಒಂದೂವರೆ ಮೂಟೆ ಬಾರ್ಲಿ, ಅದೂ ಬಾರ್ಲಿ ಬಿಯರ್ ಮಾಡೋಕೆ. ಕೆಲಸದ ದೆಸೆಯಿಂದ ಬರೆಯೋಕೆ ಓದೋಕೆ ಬರ್ತಿದ್ದವರು ಇಲ್ಲಿ ಜಾಸ್ತಿ, ಜಗಳವೂ ಜಾಸ್ತಿ, ಸುತ್ತ ಒಣಹವೆ. ನಮ್ಮ ಪುಣ್ಯ.

ಮೂರನೇ ರಾಮ್ಸೆಸ್ ರಾಜ್ಯಭಾರದ 29ನೇ ವರ್ಷ, ಸುಮಾರು ಕ್ರಿ.ಪೂ. 1157, ಧಾನ್ಯ ಬರೋದು ನಿಂತುಹೋಯ್ತು. ಇದರ ವಿವರ ಟ್ಯೂರಿನ್ ಮ್ಯೂಸಿಯಂನಲ್ಲಿರೋ ಒಂದು ಪಪೈರಸ್‌ನಲ್ಲಿದೆ, ಬರೆದವನು ಲಿಪಿಕಾರ ಅಮೆನ್‌ನಖ್ತ್ (ದೂರು ಬರೆದ ಅಮೆನ್‌ನಖ್ತ್ ಬೇರೆ, ಆ ಊರಲ್ಲಿ ಬೀದಿಗೊಬ್ಬ ಅಮೆನ್‌ನಖ್ತ್). ಕೆಲಸದವರು ಟೂಲ್ಸ್ ಕೆಳಗಿಟ್ಟು, ಹಸಿವು, ತಿಂಗಳಲ್ಲಿ 18 ದಿನ ಆಗೋಯ್ತು ಅಂತ ಕೂಗ್ತಾ ಸ್ಮಶಾನದ ಕಾವಲು ಗೋಡೆಗಳನ್ನ ದಾಟಿ ಹೊರಗೆ ಬಂದು, ಮೂರನೇ ಥುಟ್ಮೋಸ್‌ನ ದೇವಸ್ಥಾನದ ಹಿಂದೆ ಕೂತುಬಿಟ್ರು. ಅಧಿಕಾರಿಗಳು ಬಂದು ವಾಪಸ್ ಬನ್ನಿ ಅಂತ ಆಣೆ ಭಾಷೆ ಇಟ್ರು, ಏಳಲಿಲ್ಲ. ಮಾರನೇ ದಿನ ಇನ್ನೊಂದು ದೇವಸ್ಥಾನದ ಮುಂದೆ. ಕೆಲಸದವರು ಹೇಳಿದ್ದನ್ನ ಲಿಪಿಕಾರ ಹಾಗೇ ಬರ್ಕೊಂಡಿದಾನೆ: ನಾವು ಇಲ್ಲಿಗೆ ಬಂದಿರೋದು ಹಸಿವು ಬಾಯಾರಿಕೆಯಿಂದ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ನಮ್ಮ ದೊರೆಗೆ ಹೇಳಿಕಳ್ಸಿ, ನಮ್ಮ ಮೇಲಿನ ವಜೀರನಿಗೂ ಹೇಳಿಕಳ್ಸಿ.

ಜಗತ್ತಲ್ಲಿ ದಾಖಲಾಗಿರೋ ಮೊದಲನೇ ಮುಷ್ಕರ ಇದು ಅಂತ ಹೇಳ್ತಾರೆ. ನನಗೆ ಮೊದಲನೇದು ಅನ್ನೋದಕ್ಕಿಂತ ಅವರು ಹೋಗಿ ಎಲ್ಲಿ ಕೂತ್ರು ಅನ್ನೋದು ಮುಖ್ಯ ಅನ್ಸತ್ತೆ. ರಾಜ ಅಂದ್ರೆ ದೇವರು, ಮಾತ್ ಅನ್ನೋ ಕ್ರಮವನ್ನ ಕಾಯೋದೇ ಅವನ ಕೆಲಸ, ದುಡಿದವನಿಗೆ ಅನ್ನ ಸಿಗೋದು ಆ ಕ್ರಮದ ಭಾಗ, ದೇವಸ್ಥಾನಗಳ ಕಣಜದಲ್ಲೇ ಧಾನ್ಯ ತುಂಬಿರೋದು. ಅವರು ರಾಜನನ್ನ ಬೈಲಿಲ್ಲ. ನಿನ್ನ ಪಾಲಿನ ಕೆಲಸ ನೀನು ಮಾಡಿಲ್ಲ ಅಂತ ಅವನ ದೇವರ ಬಾಗಿಲಲ್ಲೇ ಕೂತು ತೋರಿಸಿದ್ರು. ಧಾನ್ಯ ಬಂತು, ಮತ್ತೆ ನಿಂತೋಯ್ತು, ಮತ್ತೆ ಮುಷ್ಕರ. ಅದರಲ್ಲೊಬ್ಬ ಸಿಟ್ಟಲ್ಲಿ ಆಮುನ್ ದೇವರ ಮೇಲೆ, ರಾಜನ ಮೇಲೆ ಆಣೆ ಇಟ್ಟು, ನನ್ನನ್ನ ಇಲ್ಲಿಂದ ಎಬ್ಬಿಸಿದ್ರೆ ಇವತ್ತು ರಾತ್ರಿ ಒಂದು ಸಮಾಧಿ ದೋಚೋಕೆ ಪ್ಲಾನ್ ಹಾಕಿಯೇ ಮಲಗೋದು ಅಂದುಬಿಟ್ಟ. ಅಲ್ಲಿದ್ದವರ ಎದೆ ಧಸಕ್ ಅಂದಿರ್ಬೇಕು, ಸಮಾಧಿಯ ಒಳಗಿನ ನಕ್ಷೆ ಗೊತ್ತಿದ್ದವರು ಇವರೇ ಅಲ್ವಾ.

ಅವನು ದೋಚಿದ್ನೋ ಇಲ್ವೋ, ಆದ್ರೆ ಹತ್ತಿರ ಹತ್ತಿರ ಐವತ್ತು ವರ್ಷ ಆದ್ಮೇಲೆ, ಒಂಬತ್ತನೇ ರಾಮ್ಸೆಸ್ ಕಾಲದಲ್ಲಿ, ದೋಚೋದು ಒಂದು ಉದ್ಯೋಗವೇ ಆಗೋಯ್ತು. ಆ ತನಿಖೆಯ ಕಾಗದಗಳೂ ಉಳಿದಿವೆ. ಅಮೆನ್‌ಪನುಫೆರ್ ಅನ್ನೋ ಕಲ್ಲುಕುಟಿಗನ ತಪ್ಪೊಪ್ಪಿಗೆ ಇರೋ ಪಪೈರಸ್‌ನ ಕಥೆ ಅಂತೂ ಸಿನಿಮಾ ಇದ್ದಂಗಿದೆ, ಕೆಳಗಿನ ಅರ್ಧ ಒಬ್ಬ ಇಂಗ್ಲಿಷ್ ಲಾರ್ಡ್ ಹತ್ರ ಇತ್ತು, ಮೇಲಿನ ಅರ್ಧ 1935ರಲ್ಲಿ ಬ್ರಸೆಲ್ಸ್‌ನ ಮ್ಯೂಸಿಯಂನಲ್ಲಿದ್ದ ಒಂದು ಮರದ ಬೊಂಬೆಯ ಹೊಟ್ಟೆಯೊಳಗೆ ಸಿಕ್ತು. ಅವನು ಹೇಳೋದು ಹೀಗೆ: ಗುಂಪು ಕಟ್ಕೊಂಡು ಹೋದ್ವಿ, ರಾಜ ಸೋಬೆಕೆಮ್ಸಾಫ್‌ನ ಸಮಾಧಿಗೆ ಕನ್ನ ಹಾಕಿದ್ವಿ, ರಾಜ ರಾಣಿ ಇಬ್ಬರ ಮೈಮೇಲಿದ್ದ ಚಿನ್ನ ಕಿತ್ಕೊಂಡ್ವಿ, ಶವಪೆಟ್ಟಿಗೆಗಳಿಗೆ ಬೆಂಕಿ ಇಟ್ವಿ. ಆಮೇಲೆ ಸಿಕ್ಕಿಬಿದ್ದ. ತನ್ನ ಪಾಲಿನ 20 ದೆಬೆನ್ (ಅವರ ತೂಕದ ಅಳತೆ) ಚಿನ್ನವನ್ನ ಅಲ್ಲಿನ ಗುಮಾಸ್ತನಿಗೆ ಕೊಟ್ಟ, ಬಿಡುಗಡೆ ಆಯ್ತು, ಹೋಗಿ ಗುಂಪಿಗೆ ಸೇರ್ಕೊಂಡ, ಅವರು ತಮ್ಮ ಪಾಲಲ್ಲಿ ಇವನಿಗೆ ಮತ್ತೆ ಹಂಚಿಕೊಟ್ರು! ಕಳ್ಳರ ನ್ಯಾಯ ನೋಡಿ. ನಾವಷ್ಟೇ ಅಲ್ಲ ಸ್ವಾಮಿ, ಊರಲ್ಲಿ ಬೇಕಾದಷ್ಟು ಜನ ಇದೇ ಕೆಲಸ ಮಾಡ್ತಿದಾರೆ ಅಂತ ಬೇರೆ ಸೇರಿಸ್ತಾನೆ.

ರಾಜನ ಮಮ್ಮಿಗೆ ಬೆಂಕಿ ಇಡೋದು ಅಂದ್ರೆ ಅವರ ಲೆಕ್ಕದಲ್ಲಿ ಬರೀ ಕಳ್ಳತನ ಅಲ್ಲ, ದೇಹ ಸುಟ್ಟುಹೋದ್ರೆ ಪರಲೋಕದ ಬದುಕಿಗೆ ಆಧಾರವೇ ಹೋದ ಹಾಗೆ. ಹಾಗಾದ್ರೆ ಇವರಿಗೆ ನಂಬಿಕೆ ಇರ್ಲಿಲ್ವಾ? ಇತ್ತು ಅಂತಲೇ ನನಗನ್ಸತ್ತೆ. ನಂಬಿಕೆ ಒಂದು ಕಡೆ ಇರತ್ತೆ, ಹಸಿವು ಆಸೆ ಇನ್ನೊಂದು ಕಡೆ, ಎರಡೂ ಒಂದೇ ಮನುಷ್ಯನ ಒಳಗೆ ಬಾಡಿಗೆಗಿರ್ತವೆ, ಮುಖಾಮುಖಿ ಆಗೋದು ಕಮ್ಮಿ.

ಕಳ್ಳರು ಸಾಕು. ಅದೇ ಊರಲ್ಲಿ ಕೆನ್‌ಹಿರ್‌ಖೊಪೆಶೆಫ್ ಅನ್ನೋ ಬಾಯಿಗೆ ಬಾರದ ಹೆಸರಿನ ಲಿಪಿಕಾರ ಇದ್ದ, ಓದೋ ಹುಚ್ಚು, ಮನೇಲಿ ಒಂದು ಸಣ್ಣ ಲೈಬ್ರರಿ. ಅವನ ಕೈಕೆಳಗಿನ ಒಬ್ಬ ಕಲಾವಿದ ಅವನಿಗೆ ಬರೆದ ಚೀಟಿ (ಇದು ಪಪೈರಸ್ ಅಲ್ಲ, ಕಲ್ಲಿನ ಚೂರು) ನನಗೆ ಬಹಳ ಇಷ್ಟ, ನಾನು ನಿನಗೆ ಕತ್ತೆ ಆಗೋದ್ನಾ, ಕೆಲಸ ಇದ್ರೆ ಕತ್ತೆ ಕರ್ಕೊಂಡ್ಬಾ ಅಂತೀಯ, ಬಿಯರ್ ಇದ್ರೆ ನನ್ನ ಕಡೆ ತಿರುಗಿಯೂ ನೋಡಲ್ಲ ಅಂತ. ಇವನ ಲೈಬ್ರರಿಯಲ್ಲಿದ್ದ ಕನಸಿನ ಪುಸ್ತಕ ಉಳಿದಿದೆ, ಹಿಂಭಾಗದಲ್ಲಿ ಎರಡನೇ ರಾಮ್ಸೆಸ್ ಮಾಡಿದ ಕದೇಶ್ ಯುದ್ಧದ ಕಾವ್ಯವನ್ನ ಸ್ವಂತ ಕೈಯಲ್ಲಿ ನಕಲು ಮಾಡ್ಕೊಂಡಿದಾನೆ. ಕನಸಲ್ಲಿ ದೊಡ್ಡ ಬೆಕ್ಕು ಕಂಡ್ರೆ ಒಳ್ಳೇದು, ದೊಡ್ಡ ಫಸಲು ಬರತ್ತೆ. ನದಿಗೆ ಧುಮುಕಿದ್ರೆ ಒಳ್ಳೇದು, ಪಾಪ ಕಳೆಯತ್ತೆ. ಬೆಚ್ಚಗಿನ ಬಿಯರ್ ಕುಡಿದ್ರೆ ಕೆಟ್ಟದ್ದು, ಕಷ್ಟ ಬರತ್ತೆ. ಕನ್ನಡೀಲಿ ಮುಖ ನೋಡ್ಕೊಂಡ್ರೆ ಕೆಟ್ಟದ್ದು, ಇನ್ನೊಬ್ಬ ಹೆಂಡ್ತಿ ಬರ್ತಾಳೆ. ಕೆಟ್ಟದ್ದು ಅನ್ನೋದನ್ನ ಮಾತ್ರ ಕೆಂಪು ಶಾಯಿಯಲ್ಲಿ ಬರೀತಿದ್ರು.

ಇವನು ವಯಸ್ಸಾದ ಮೇಲೆ ನೌನಖ್ತೆ ಅನ್ನೋ ಚಿಕ್ಕ ಹುಡುಗೀನ ಮದುವೆ ಆದ. ಅವನು ಸತ್ತ ಮೇಲೆ ಅವಳು ಖಾಎಮ್‌ನುನ್ ಅನ್ನೋ ಕೆಲಸಗಾರನನ್ನ ಮದುವೆಯಾಗಿ ಎಂಟು ಮಕ್ಕಳನ್ನ ಬೆಳೆಸಿದ್ಲು, ಒಬ್ಬ ಮಗನಿಗೆ ಮೊದಲ ಗಂಡನ ಹೆಸರನ್ನೇ ಇಟ್ಲು, ಎರಡನೇ ಗಂಡ ಏನಂದ್ಕೊಂಡ್ನೋ. ಕ್ರಿ.ಪೂ. 1145ರ ಸುಮಾರಿಗೆ ಮುದುಕಿಯಾಗಿ ಊರ ನ್ಯಾಯಸಭೆ ಮುಂದೆ ಬಂದು ಉಯಿಲು ಹೇಳಿ ಬರೆಸಿದ್ಲು, ಅದು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ನಾನು ಈ ರಾಜ್ಯದ ಸ್ವತಂತ್ರ ಹೆಂಗಸು, ಈ ಎಂಟು ಜನರನ್ನ ಸಾಕಿದ್ದೀನಿ, ಮನೆ ಹೂಡೋಕೆ ಬೇಕಾದ್ದೆಲ್ಲ ಕೊಟ್ಟಿದ್ದೀನಿ, ಈಗ ನನಗೆ ವಯಸ್ಸಾಯ್ತು, ಅವರು ನನ್ನನ್ನ ನೋಡ್ಕೊಳ್ತಿಲ್ಲ, ನನ್ನ ಕೈ ಹಿಡಿದವರಿಗೆ ನನ್ನ ಆಸ್ತಿ, ಹಿಡಿಯದವರಿಗೆ ಇಲ್ಲ. ಹೆಸರು ಹಿಡಿದು ಕೆಲವರನ್ನ ಹೊರಗಿಟ್ಲು, ಗಂಡನ ಆಸ್ತಿಯ ಪಾಲು ಮಾತ್ರ ತಪ್ಪಿಸಲಿಲ್ಲ. ಮೊದಲ ಗಂಡನ ಹೆಸರಿನ ಮಗನಿಗೆ ಕೈ ತೊಳೆಯೋ ಕಂಚಿನ ಬೋಗುಣಿ ಎಕ್ಸ್‌ಟ್ರಾ. ಕನಸಿನ ಪುಸ್ತಕ ಕೂಡ ಇವಳ ಮಕ್ಕಳಿಗೇ ಬಂತು, ಒಬ್ಬ ಮಗ ಅದರಲ್ಲಿ ತನ್ನ ಹೆಸರು ಬರ್ಕೊಂಡಿದಾನೆ.

ಪಪೈರಸ್ ಅಂತ ಬರೆದ್ರೆ ಸಾಕು ಕನ್ನಡದವರು ಆಕ್ಸಿರಿಂಕಸ್ ಪ್ರಹಸನದ ಬಗ್ಗೆ ಕೇಳೇ ಕೇಳ್ತಾರೆ, ಅದನ್ನೂ ಹೇಳಿಬಿಡ್ತೀನಿ. ಇದು ತುಂಬ ಈಚಿನದು, ರೋಮನ್ನರ ಕಾಲದ್ದು, ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಂಗ್ಲಿಷ್ ವಿದ್ವಾಂಸರು ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದ ತಿಪ್ಪೆಗುಂಡಿಗಳಿಂದ ತೆಗೆದ ಲಕ್ಷಗಟ್ಟಲೆ ತುಣುಕುಗಳಲ್ಲಿ ಒಂದು, 1903ರಲ್ಲಿ ಪ್ರಿಂಟಾಯ್ತು. ಭಾರತದ ತೀರದಲ್ಲಿ ಸಿಕ್ಕಿಹಾಕ್ಕೊಂಡಿರೋ ಖಾರಿಷನ್ ಅನ್ನೋ ಗ್ರೀಕ್ ಹುಡುಗೀನ ಅವಳ ಅಣ್ಣ ಬಂದು, ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ ಬಿಡಿಸ್ಕೊಂಡು ಹೋಗೋ ಕಾಮಿಡಿ, ಹೂಸಿನ ಜೋಕುಗಳೂ ಧಾರಾಳವಾಗಿವೆ. ರಾಜನ ಕಡೆಯವರು ಆಡೋ ಅರ್ಥವಾಗದ ಮಾತು ಕನ್ನಡ ಇರ್ಬೇಕು ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಬರೆದ್ರು, ಆಮೇಲೆ ಮೈಸೂರಿನ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನ ಮುಂದುವರಿಸಿದ್ರು. ಒಪ್ಪದ ವಿದ್ವಾಂಸರೂ ಇದಾರೆ, ಬರೀ ಆಟದ ಗಿಬರಿಷ್ ಅನ್ನೋರೂ ಇದಾರೆ. ನನಗೂ ಕನ್ನಡವೇ ಆಗಿರ್ಲಿ ಅಂತ ಆಸೆ ಇದೆ, ಆಸೆ ಪುರಾವೆ ಆಗಲ್ಲ, ಅಷ್ಟೇ.

ನಂಬಿಕೆ ಅಂದ್ರೆ ಸತ್ತ ಮೇಲಿನದ್ದು ಮಾತ್ರ ಅಲ್ಲ. ಕ್ರಿ.ಪೂ. ಸಾವಿರದಿಂದೀಚೆಗೆ ಉದ್ದುದ್ದ ಕಿರಿದಾದ ಪಪೈರಸ್ ಪಟ್ಟಿಗಳಲ್ಲಿ ದೇವರೇ ಮಗುವಿಗೆ ಭಾಷೆ ಕೊಡೋ ಥರ ಬರೆಸಿ, ಸುತ್ತಿ ಸಣ್ಣ ಕೊಳವೆಗೆ ಹಾಕಿ ತಾಯತದಂಗೆ ಕೊರಳಿಗೆ ಕಟ್ತಿದ್ರು. ಹಾವಿಂದ ಕಾಯ್ತೀನಿ, ಚೇಳಿಂದ ಕಾಯ್ತೀನಿ, ಗೋಡೆ ಕುಸಿಯೋದ್ರಿಂದ, ಸಿಡಿಲಿಂದ ಕಾಯ್ತೀನಿ. ಒಬ್ಬ ತಾಯಿಗೆ ರಾತ್ರಿ ನಿದ್ದೆ ಬಾರದಿದ್ದಾಗ ತಲೇಲಿ ಸುತ್ತೋದನ್ನೆಲ್ಲ ಒಂದು ಗುಮಾಸ್ತ ಕೂತು ಕೇಳಿ ಬರ್ಕೊಂಡಂಗಿದೆ ಆ ಪಟ್ಟಿ. ಅದರಲ್ಲಿ ಕೆಲವು ದೇವರುಗಳಿಂದಲೇ ಕಾಯ್ತೀನಿ ಅಂತಲೂ ಇರತ್ತೆ, ದೇವರನ್ನೂ ಪೂರ್ತಿ ನಂಬ್ತಿರ್ಲಿಲ್ಲ.

ಸತ್ತವರನ್ನೂ ನಂಬ್ತಿರ್ಲಿಲ್ಲ. ಸತ್ತವರು ಹತ್ತಿರದಲ್ಲೇ ಇರ್ತಾರೆ, ಮನಸ್ಸು ಮಾಡಿದ್ರೆ ಕಾಯ್ತಾರೆ, ಮುನಿಸ್ಕೊಂಡ್ರೆ ಕಾಡ್ತಾರೆ, ಅದಕ್ಕೇ ಅವರಿಗೆ ಪತ್ರ ಬರೀತಿದ್ರು. ಲೈಡನ್ ಮ್ಯೂಸಿಯಂನಲ್ಲಿ ಅಂಥದ್ದೊಂದಿದೆ, ಒಬ್ಬ ಅಧಿಕಾರಿ ಸತ್ತುಹೋದ ತನ್ನ ಹೆಂಡ್ತಿ ಅಂಖಿರಿಗೆ ಬರೆದು, ಒಂದು ಹೆಣ್ಣುಬೊಂಬೆಗೆ ಕಟ್ಟಿ ಇಟ್ಟಿದ್ದು. ಏನೋ ಕೆಟ್ಟಕಾಲ ಬಂದಿದೆ ಅವನಿಗೆ, ಇವಳೇ ಕಾಡ್ತಿದಾಳೆ ಅಂತ ಅನುಮಾನ. ನಿನಗೆ ನಾನೇನು ಅನ್ಯಾಯ ಮಾಡ್ದೆ ಅಂತ ಶುರು ಮಾಡ್ತಾನೆ. ಹುಡುಗನಾಗಿದ್ದಾಗಲೇ ಮದುವೆಯಾದೆ, ದೊಡ್ಡ ದೊಡ್ಡ ಹುದ್ದೆ ಸಿಕ್ಕಾಗಲೂ ನಿನ್ನ ಕೈ ಬಿಡ್ಲಿಲ್ಲ, ಫೇರೋನ ಸೈನ್ಯದ ಅಧಿಕಾರಿಗಳನ್ನ ಕರ್ಕೊಂಡು ಬಂದು ನಿನ್ನ ಮುಂದೆ ಅಡ್ಡಬೀಳಿಸ್ದೆ. ನಿನಗೆ ಹುಷಾರಿಲ್ದಾಗ ದೊಡ್ಡ ವೈದ್ಯನನ್ನ ಕರೆಸ್ದೆ, ನೀನು ಹೇಳಿದ್ದೆಲ್ಲ ಅವನು ಮಾಡ್ದ. ರಾಜನ ಜೊತೆ ದಕ್ಷಿಣಕ್ಕೆ ಹೋಗ್ಬೇಕಾಗಿ ಬಂತು, ಆಗ ನೀನು ಹೋದೆ, ತಿಂಗಳುಗಟ್ಟಲೆ ಮನುಷ್ಯರ ಥರ ಊಟ ಮಾಡ್ಲಿಲ್ಲ, ವಾಪಸ್ ಬಂದು ನಮ್ಮ ಬೀದಿಯವರ ಜೊತೆ ಕೂತು ಅತ್ತೆ, ನಿನಗೆ ಸುತ್ತೋಕೆ ಒಳ್ಳೇ ನಾರುಬಟ್ಟೆ ಕೊಟ್ಟೆ, ಯಾವುದಕ್ಕೂ ಕಮ್ಮಿ ಮಾಡ್ಲಿಲ್ಲ. ಇಷ್ಟಾದ್ಮೇಲೂ ಹೀಗೆ ಮಾಡ್ತೀಯ ಅಂದ್ರೆ ಪಶ್ಚಿಮದ, ಅಂದ್ರೆ ಸತ್ತವರ ಲೋಕದ, ದೇವರುಗಳ ಮುಂದೆ ನಿನ್ನ ಮೇಲೆ ವ್ಯಾಜ್ಯ ಹಾಕ್ತೀನಿ ಅಂತ ಧಮಕಿ ಕೂಡ ಇದೆ.

ಓದ್ತಾ ಓದ್ತಾ ನನಗೂ ಅಯ್ಯೋ ಪಾಪ ಅನ್ಸಿತ್ತು, ಕೊನೇಲಿ ಅವನು ಇನ್ನೂ ಒಂದು ಮಾತು ಸೇರಿಸೋವರೆಗೆ. ಮೂರು ವರ್ಷದಿಂದ ಒಬ್ಬನೇ ಇದ್ದೀನಿ, ಇನ್ನೊಂದು ಮನೆ ಮೆಟ್ಟಿಲು ಹತ್ತಿಲ್ಲ, ಮತ್ತೆ ಈ ಮನೇಲಿರೋ ಹೆಂಗಸರು, ಅವರಲ್ಲಿ ಒಬ್ಬರ ಹತ್ರಾನೂ ಹೋಗಿಲ್ಲ. ಅಲ್ಲಿವರೆಗೆ ವೈದ್ಯ, ಬಟ್ಟೆ, ಅಳು ಅಂತ ಹೇಳ್ಕೊಂಡು ಬಂದವನು ಇದನ್ನ ಯಾಕೆ ಹೇಳ್ದ? ಅವಳೇನಾದ್ರೂ ಕೇಳಿದ್ಲಾ?